ಮೇ ತಿಂಗಳಲ್ಲಿ ಕಲಬುರಗಿ ಸವಾರಿ ಇಲ್ಲ: ಪಾಲಕರಿಗೂ ಮಕ್ಕಳಿಗೂ ಒಂದು ಪತ್ರ

ಬೀದರ್, ಮಾರ್ಚ್ ಕೊನೆಯ ವಾರ

ಪ್ರೀತಿಯ ಪಾಲಕರೇ, ಈಗಾಗಲೇ ಚೈನಿಗೆ ಎಣ್ಣೆ ಬಿಟ್ಟು ಕಾಯುತ್ತಿರುವ ಮಕ್ಕಳೇ,

ಬೀದರಿನ ಸೈಕಲ್ ಸಂಘದವರ ನಮಸ್ಕಾರ. ವಿಷಯ ಮೊದಲೇ ಹೇಳಿಬಿಡುತ್ತೇವೆ. ಬೇಸಿಗೆ ರಜೆಯಲ್ಲಿ ಬೀದರಿನಿಂದ ಕಲಬುರಗಿಗೆ ಹೋಗುತ್ತಿದ್ದ ಐದು ದಿನದ ಸೈಕಲ್ ಪ್ರವಾಸ ಈ ವರ್ಷದಿಂದ ಇಲ್ಲ. ಅದನ್ನು ದಸರಾ ರಜೆಗೆ ಹಾಕಿದ್ದೇವೆ. ಬೇಸಿಗೆಯಲ್ಲಿ ಬೀದರಿನಲ್ಲೇ ಉಳಿದು, ನಸುಕಿನಲ್ಲಿ ಮಾತ್ರ ಸೈಕಲ್ ಹೊಡೆಯುವ ಐದು ದಿನದ ಶಿಬಿರ ಇರುತ್ತದೆ. ಮುಂಗಡ ಕಟ್ಟಿದವರು ಗಾಬರಿ ಆಗಬೇಡಿ, ದುಡ್ಡಿನ ಮಾತು ಕೆಳಗೆ ಬರೆದಿದ್ದೇವೆ.

ಯಾಕೆ ಅಂತ ಕೇಳುತ್ತೀರಿ. ಕೇಳಲೇಬೇಕು.

ಹೋದ ಮೇ ತಿಂಗಳು, ಪ್ರವಾಸದ ನಾಲ್ಕನೇ ದಿನ. ಹುಮನಾಬಾದಿನಿಂದ ಕಮಲಾಪುರಕ್ಕೆ ಹೊರಟಿದ್ದೆವು. ಐದೂವರೆಗೆ ಬಿಡಬೇಕಿತ್ತು. ಬಿಟ್ಟಾಗ ಏಳೂ ಕಾಲು. ಒಬ್ಬನ ಶೂ ಸಿಗಲಿಲ್ಲ, ಉಪ್ಪಿಟ್ಟು ತಡವಾಯಿತು, ಎರಡು ಸೈಕಲ್ಲಿನ ಗಾಲಿ ರಾತ್ರಿಯೇ ಕೂತುಬಿಟ್ಟಿದ್ದವು. ದಾರಿಯಲ್ಲಿ ಮತ್ತೊಂದು ಪಂಕ್ಚರ್. ಹತ್ತು ಗಂಟೆ ಆದರೂ ಅರ್ಧ ದಾರಿಯಲ್ಲೇ ಇದ್ದೆವು. ಎರಡೂ ಕಡೆ ಕೊಯ್ಲಾದ ಬರೀ ಹೊಲ, ನಡುವೆ ಕಾದ ಡಾಂಬರು.

ಗುಂಪಿನಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗ ಇದ್ದ. ಬಾಯಿ ಮುಚ್ಚಿದ್ದನ್ನು ನಾವು ನೋಡಿರಲೇ ಇಲ್ಲ. ಅವನು ಹತ್ತು ನಿಮಿಷದಿಂದ ಸುಮ್ಮನಿದ್ದಾನೆ ಅಂತ ಹಿಂದೆ ಬರುತ್ತಿದ್ದ ನಮ್ಮ ಹುಡುಗನಿಗೆ ಅನ್ನಿಸಿತು. ಪಕ್ಕಕ್ಕೆ ಹೋಗಿ ನೋಡಿದರೆ ತೋಳಿನ ಮೇಲೆ ರೋಮವೆಲ್ಲ ನಿಂತಿದೆ. "ಅಣ್ಣಾ, ಥಂಡಿ ಆಗ್ಲಕತ್ತದ" ಅಂದ. ಆ ಬಿಸಿಲಲ್ಲಿ ಥಂಡಿ! ಬಿಸಿಲು ಹೊಡೆದ ಗುರುತು ಅದು. ಅವನ ಬಾಟಲಿ ತೆಗೆದು ನೋಡಿದರೆ ಮುಕ್ಕಾಲು ಹಾಗೇ ಇದೆ. ನೀರು ಚಹಾದ ಹಾಗೆ ಕಾದಿತ್ತು. ಯಾಕೆ ಕುಡಿದಾನು?

ದಾರಿ ಪಕ್ಕದ ಹೊಲದಲ್ಲಿ ಒಂದು ಬೇವಿನ ಮರ, ಒಂದು ಕೊಟ್ಟಿಗೆ ಇತ್ತು, ನಮ್ಮ ಪುಣ್ಯ. ಹೊಲದ ಯಜಮಾನರು ಗಡಿಗೆ ನೀರು ತಂದರು. ಹುಡುಗನನ್ನು ನೆರಳಲ್ಲಿ ಮಲಗಿಸಿ, ಕಾಲ ಕೆಳಗೆ ಬ್ಯಾಗ್ ಇಟ್ಟು, ಒದ್ದೆ ಟವೆಲ್ಲನ್ನು ಕುತ್ತಿಗೆಗೆ, ಕಂಕುಳಿಗೆ ಇಟ್ಟು, ಮೊರದಿಂದ ಗಾಳಿ ಹಾಕಿದೆವು. ಎಚ್ಚರ ಇತ್ತು, ನುಂಗುತ್ತಿದ್ದ. ಹಾಗಾಗಿ ಗುಟುಕು ಗುಟುಕಾಗಿ ಉಪ್ಪು ಸಕ್ಕರೆ ನೀರು ಕೊಟ್ಟೆವು. ಮುಕ್ಕಾಲು ಗಂಟೆ ಆದ ಮೇಲೆ ಯಜಮಾನರ ಎತ್ತಿನ ಹೆಸರು ಕೇಳಿದ. ಆಗ ನಮಗೆ ಜೀವ ಬಂತು. ಕಮಲಾಪುರದಲ್ಲಿ ಡಾಕ್ಟರಿಗೆ ತೋರಿಸಿದೆವು, ಏನೂ ತೊಂದರೆ ಆಗಿರಲಿಲ್ಲ. ಸಂಜೆ ಅವರಪ್ಪ ಬಂದರು. ನಮ್ಮನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹುಡುಗನ ತಪ್ಪು ಏನೂ ಇಲ್ಲ. ತಪ್ಪು ನಮ್ಮ ಲೆಕ್ಕದ್ದು. ಎಲ್ಲವೂ ಸರಿಯಾಗಿ ನಡೆದರೆ ಮಾತ್ರ ಒಂಬತ್ತರೊಳಗೆ ಊರು ಸೇರುವ ಲೆಕ್ಕ ಅದು. ಒಂದು ಶೂ ಕಳೆದರೆ ಕೆಟ್ಟಿತು. ಮಕ್ಕಳನ್ನು ಕರೆದುಕೊಂಡು ಹೋಗುವಾಗ ಒಂದು ಶೂ ಕಳೆದೇ ಕಳೆಯುತ್ತದೆ.

ಮಳೆಗಾಲದಲ್ಲಿ ಕೂತು ಮತ್ತೆ ಲೆಕ್ಕ ಹಾಕಿದೆವು. ನಮ್ಮ ಕಡೆ ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಮುಗಿಸುತ್ತವೆ. ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸಕ್ಕೇ ಹೊತ್ತು ಬದಲಾಗುವಾಗ ನಾವು ಮಕ್ಕಳನ್ನು ಹೆದ್ದಾರಿಗೆ ಬಿಟ್ಟಿದ್ದೆವು. ಇನ್ನೊಂದು, ಇಷ್ಟು ವರ್ಷ ಓಡಾಡಿಯೂ ನಾವು ಯೋಚಿಸದೇ ಇದ್ದದ್ದು: ಬೀದರ್ ಇರುವುದು ಕಲಬುರಗಿಗಿಂತ 200 ಮೀಟರಿಗೂ ಜಾಸ್ತಿ ಎತ್ತರದಲ್ಲಿ. ಅಂದರೆ ಮಕ್ಕಳು ದಣಿಯುತ್ತಾ ಹೋದ ಹಾಗೆ ನಾವು ಇನ್ನೂ ಕಾದ ಊರಿಗೆ ಇಳಿಯುತ್ತಿದ್ದೆವು. ಇಳಿಜಾರು ಅಂತ ಖುಷಿಪಟ್ಟಿದ್ದೇ ಬಂತು. ರಸ್ತೆ ಅಗಲವಾದ ಕಡೆಯಲ್ಲೆಲ್ಲ ನೆರಳೂ ಹೋಗಿದೆ.

"ನಾವೂ ಇದೇ ಬಿಸಿಲಲ್ಲಿ ಬೆಳೆದವರು, ನಮಗೇನಾಯ್ತು?" ಅಂತ ಕೆಲವು ಅಪ್ಪಂದಿರು ಫೋನಿನಲ್ಲಿ ಕೇಳಿದರು. ನಿಜ ರೀ. ಆದರೆ ಸ್ವಲ್ಪ ನೆನಪಿಸಿಕೊಳ್ಳಿ. ಹನ್ನೆರಡಾದರೆ ಅವ್ವ ಒಳಗೆ ಕರೆದು ಬಾಗಿಲು ಹಾಕುತ್ತಿದ್ದಳು, ಅಲ್ವಾ? ಸುಸ್ತಾದರೆ ಮರದ ಕೆಳಗೆ ಕೂರುತ್ತಿದ್ದೆವು. ಗುಂಪಿನಲ್ಲಿ ಸೈಕಲ್ ಹೊಡೆಯುವ ಹುಡುಗ ಕೂರುವುದಿಲ್ಲ. ಹಿಂದೆ ಬಿದ್ದರೆ ಮರ್ಯಾದೆ ಪ್ರಶ್ನೆ. ಹುಡುಗಿಯರದ್ದು ಬೇರೆಯೇ ಕಥೆ. ದಾರಿಯಲ್ಲಿ ಶೌಚಾಲಯ ಇರುವುದಿಲ್ಲ ಅಂತ ನೀರೇ ಕುಡಿಯುವುದಿಲ್ಲ. ಜೊತೆಗೆ ಬರುವ ನಮ್ಮ ಅಕ್ಕ ಹೇಳುವವರೆಗೆ ಇದು ನಮ್ಮ ತಲೆಗೇ ಹೊಳೆದಿರಲಿಲ್ಲ. ನಾಚಿಕೆಯ ವಿಷಯ, ಆದರೂ ಹೇಳುತ್ತಿದ್ದೇವೆ. ಈಗ ಎಲ್ಲ ಸವಾರಿಯಲ್ಲೂ ಮೊದಲು ಗುರುತು ಹಾಕುವುದೇ ಶೌಚಾಲಯ ಇರುವ ಜಾಗ. ತಿಂಡಿ ಆಮೇಲೆ.

ಬೇಸಿಗೆ ಶಿಬಿರ ಹೀಗಿರುತ್ತದೆ. ನಾಲ್ಕೂವರೆಗೆ ಏಳುವುದು, ಐದಕ್ಕೆ ಬಿಡುವುದು, ಎಂಟೂವರೆಗೆ ವಾಪಸ್. ದಿನಕ್ಕೆ 20-25 ಕಿ.ಮೀ. ಶೂ ಕಳೆದರೆ ಆ ದಿನದ ಸವಾರಿ ಅಷ್ಟು ಗಿಡ್ಡ, ಅಷ್ಟೇ. ಒಂದು ದಿನ ಚೌಖಂಡಿ ಎಂಬ ಹಳೆ ಗೋರಿ ಕಟ್ಟಡ ದಾಟಿ ಅಷ್ಟೂರಿನ ಬಹಮನಿ ಸುಲ್ತಾನರ ಗೋರಿ ಗುಮ್ಮಟಗಳಿಗೆ. ಸೂರ್ಯ ಹುಟ್ಟುವಾಗ ಆ ಸಾಲು ಗುಮ್ಮಟಗಳ ಮುಂದೆ ಸೈಕಲ್ ನಿಲ್ಲಿಸಬೇಕು. ಫೋಟೋ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ದಿನ ನೌಬಾದಿನ ಸುರಂಗ ಬಾವಿ, ಅದನ್ನೇ ಕರೇಜ್ ಅನ್ನುತ್ತಾರೆ. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿನ ಒಳಗೆ ಕಾಲುವೆ ಕೊರೆದು, ನೀರು ತಾನಾಗಿ ಹರಿದು ಬರುವ ಹಾಗೆ ಸಣ್ಣ ಇಳಿಜಾರು ಕೊಟ್ಟಿದ್ದಾರೆ. ಮೇಲೆ ಅಲ್ಲಲ್ಲಿ ಗಾಳಿಗೂ ಬೆಳಕಿಗೂ ಬಾವಿಗಳು. ಬಾಟಲಿ ಹಿಡಿದು ಬರುವ ಮಕ್ಕಳಿಗೆ ಬಹಮನಿಯವರು ನೀರಿಗಾಗಿ ಎಷ್ಟು ಒದ್ದಾಡಿದ್ದರು ಅಂತ ತೋರಿಸಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಉಳಿದ ದಿನ ಪಾಪನಾಶ ದೇವಸ್ಥಾನ, ಜನವಾಡದ ಕಡೆ ಒಂದು ಉದ್ದ ಸವಾರಿ.

ಹಗಲು ಒಳಗೇ. ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ನೋಡಿ ಒಂಬತ್ತೂವರೆಗೆ ಒಳಗೆ ಸೇರಿದರೆ ಸಂಜೆ ಐದರವರೆಗೆ ಹೊರಗೆ ಕಾಲಿಡುವುದಿಲ್ಲ. ಒಂದು ಮಧ್ಯಾಹ್ನ ಮಾತ್ರ ಬಿದರಿ ಕೆಲಸದವರ ಬಳಿ. ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆಗೆ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು, ನವಸಾಗರ ಎಂಬ ಉಪ್ಪು ಕಲಸಿದ ಬಿಸಿ ನೀರಲ್ಲಿ ಅದ್ದುತ್ತಾರೆ. ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮಕ್ಕಳು ಬಾಯಿ ತೆರೆದು ನೋಡುವ ಕ್ಷಣ ಅದು.

ಇನ್ನು ರಿಪೇರಿ ಪಾಠ. ಇದನ್ನು ಮೊದಲು ದಾರಿ ಪಕ್ಕದಲ್ಲಿ ಅವಸರದಲ್ಲಿ ಹೇಳಿಕೊಡುತ್ತಿದ್ದೆವು, ಈಗ ಸಮಾಧಾನವಾಗಿ ಹೇಳಬಹುದು. ನಮ್ಮ ಕಡೆ ಪಂಕ್ಚರ್ ಅಂದರೆ ಜಾಲಿ ಮುಳ್ಳು. ಮಕ್ಕಳು ಏನು ಮಾಡುತ್ತಾರೆ? ಟ್ಯೂಬ್ ತೆಗೆದು, ತೂತಿಗೆ ಪ್ಯಾಚ್ ಹಚ್ಚಿ, ಗಾಳಿ ಹೊಡೆದು ಹೊರಡುತ್ತಾರೆ. ಅರ್ಧ ಕಿಲೋಮೀಟರಿಗೆ ಮತ್ತೆ ಠುಸ್. ಮುಳ್ಳಿನ ತುದಿ ಟೈರಿನಲ್ಲೇ ಮುರಿದು ಕೂತಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಟೈರಿನ ಒಳಗೆ ಹಳೆ ಹತ್ತಿ ಬಟ್ಟೆ ಸುತ್ತಲೂ ಎಳೆದುಕೊಂಡು ಹೋಗಬೇಕು. ಎಲ್ಲಿ ನೂಲು ಸಿಕ್ಕಿಕೊಳ್ಳುತ್ತೋ ಅಲ್ಲಿ ಮುಳ್ಳು. ಬೆರಳು ಹಾಕಿದರೆ ರಕ್ತ.

ರಾತ್ರಿ ಮಾಳಿಗೆ ಮೇಲೆ ಮಲಗುವುದು. ಮೊಬೈಲ್ ಒಂಬತ್ತಕ್ಕೆ ನಮ್ಮ ಡಬ್ಬಿಗೆ. ಇದರಲ್ಲಿ ಚೌಕಾಸಿ ಇಲ್ಲ.

ದೊಡ್ಡ ಸವಾರಿ ಬೇಕೆನ್ನುವವರು ದಸರೆಗೆ ಬನ್ನಿ. ಬೀದರ್, ಭಾಲ್ಕಿ, ಬಸವಕಲ್ಯಾಣ, ಹುಮನಾಬಾದ್, ಕಮಲಾಪುರ, ಕಲಬುರಗಿ. ದಿನಕ್ಕೆ 40 ಕಿ.ಮೀ. ಆಸುಪಾಸು. 65ನೇ ಹೆದ್ದಾರಿಯ ಲಾರಿಗಳ ಜೊತೆ ಆದಷ್ಟು ಕಡಿಮೆ ಹೊತ್ತು ಇರುವ ಹಾಗೆ ದಾರಿ ಹಾಕಿದ್ದೇವೆ. ಆಗ ಎರಡೂ ಕಡೆ ತೊಗರಿ ಹಸಿರಾಗಿ ನಿಂತಿರುತ್ತದೆ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು, ಕೊನೆಯ ದಿನ ಕಲಬುರಗಿ ಕೋಟೆಯೊಳಗಿನ 1367ರ ಜಾಮಾ ಮಸೀದಿ. ಅದಕ್ಕೆ ಅಂಗಳವೇ ಇಲ್ಲ, ಪೂರ್ತಿ ಮುಚ್ಚಿದ ಚಾವಣಿ. ಬರುವಾಗ ಮಕ್ಕಳು ರೈಲಿನಲ್ಲಿ, ಸೈಕಲ್ಲು ಟೆಂಪೋದಲ್ಲಿ. ಬೀದರ್-ಕಲಬುರಗಿ ರೈಲು 2017ರಲ್ಲಿ ಶುರುವಾದದ್ದು ನಮಗಂತೂ ದೊಡ್ಡ ಉಪಕಾರ.

ದಸರೆಯಲ್ಲಿ ಮಳೆ ಬಂದರೆ? ಬರಬಹುದು. ಎರೆಮಣ್ಣಿನ ದಾರಿಗೆ ಸೈಕಲ್ ಇಳಿಸುವುದಿಲ್ಲ. ಒದ್ದೆ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಸೇರಿಕೊಂಡರೆ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಜೋರು ಮಳೆ ಬಂದರೆ ಆ ಊರಲ್ಲೇ ಒಂದು ದಿನ ಜಾಸ್ತಿ ಇರುತ್ತೇವೆ. ಅದಕ್ಕೇ ಐದು ದಿನದ ಪ್ರವಾಸಕ್ಕೆ ಏಳು ದಿನ ಇಟ್ಟುಕೊಂಡಿದ್ದೇವೆ. ಹೋದ ಸಲ ಕಲಿತದ್ದು.

ದುಡ್ಡಿನ ಮಾತು. ಬೇಸಿಗೆ ಶಿಬಿರಕ್ಕೆ 3,200 ರೂಪಾಯಿ. ಹಳೆಯ ಪ್ರವಾಸಕ್ಕೆ 4,800 ಇತ್ತು. ದಾರಿಯ ವಸತಿ, ಟೆಂಪೋ ಖರ್ಚು ಇಲ್ಲದ್ದರಿಂದ ಕಡಿಮೆ ಆಗಿದೆ. ದಸರಾ ಪ್ರವಾಸಕ್ಕೆ 5,400. ಎರಡು ದಿನ ಜಾಸ್ತಿ, ಜೊತೆಗೆ ಬರುವ ದೊಡ್ಡವರೂ ಒಬ್ಬರು ಜಾಸ್ತಿ. ಮಳೆ ಬರದೆ ಐದೇ ದಿನಕ್ಕೆ ಮುಗಿದರೆ 600 ರೂಪಾಯಿ ವಾಪಸ್. ನೀವು ಕಟ್ಟಿದ 1,000 ಮುಂಗಡವನ್ನು ಶಿಬಿರಕ್ಕೋ ದಸರೆಗೋ ಹಾಕಿಕೊಳ್ಳಬಹುದು. ಎರಡೂ ಬೇಡ ಅಂದರೆ ಪೂರ್ತಿ ವಾಪಸ್ ಕೊಡುತ್ತೇವೆ, ಒಂದು ರೂಪಾಯಿ ಹಿಡಿಯುವುದಿಲ್ಲ. ಏಪ್ರಿಲ್ 10ರೊಳಗೆ ಒಂದು ಮೆಸೇಜ್ ಹಾಕಿ, ಸಾಕು. ಕಾರಣ ಕೇಳುವುದಿಲ್ಲ. ರಜೆಗೆ ಅಂತ ಊರಿನ ಟಿಕೆಟ್ ಮಾಡಿಸದೆ ಕಾಯ್ದವರಿಗೆ ತೊಂದರೆ ಆಗಿದೆ, ಗೊತ್ತು. ಇದನ್ನು ಜನವರಿಯಲ್ಲೇ ಹೇಳಬೇಕಿತ್ತು. ಸಂಘದಲ್ಲಿ ಒಂಬತ್ತು ಜನ, ಒಮ್ಮತ ಆಗಲು ಮಾರ್ಚ್ ಬಂತು. ಕ್ಷಮೆ ಇರಲಿ.

ಶಿಬಿರಕ್ಕೆ 13ರಿಂದ 17 ವರ್ಷದವರು ಬರಬಹುದು. ಹಿಂದಿನ ವಾರ ಜ್ವರ, ಭೇದಿ ಆಗಿದ್ದರೆ ದಯವಿಟ್ಟು ಕಳಿಸಬೇಡಿ, ಮಗು ಎಷ್ಟೇ ಅತ್ತರೂ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ. ಬರುವಾಗ ಹೆಲ್ಮೆಟ್, ತುಂಬು ತೋಳಿನ ಹತ್ತಿ ಅಂಗಿ, ಎರಡು ಬಾಟಲಿ, ಎರಡು ಹಳೆ ಹತ್ತಿ ಕಾಲುಚೀಲ. ಕಾಲುಚೀಲ ಬಾಟಲಿಗೆ. ಒದ್ದೆ ಮಾಡಿ ತೊಡಿಸಿದರೆ ಗಾಳಿಗೆ ಒಣಗುತ್ತಾ ಒಳಗಿನ ನೀರು ತಣ್ಣಗಿರುತ್ತದೆ, ಮಕ್ಕಳು ಕುಡಿಯುತ್ತಾರೆ. ಹೋದ ವರ್ಷ ಬೇವಿನ ಮರದ ಕೆಳಗೆ ಮಲಗಿದ್ದ ಹುಡುಗನೇ ಹೇಳಿಕೊಟ್ಟ ಉಪಾಯ ಇದು. ಉಪ್ಪು ಸಕ್ಕರೆ ನೀರು ಮಾಡುವುದನ್ನು ಮನೆಯಲ್ಲೂ ಮಕ್ಕಳಿಗೆ ಕಲಿಸಿಡಿ: ಒಂದು ಲೀಟರ್ ನೀರು, ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚದ ಅಳತೆ. ಉಪ್ಪು ಕಣ್ಣಂದಾಜಿನಲ್ಲಿ ಹಾಕಬೇಡಿ.

ಏಪ್ರಿಲ್ ಎರಡನೇ ಭಾನುವಾರ ಬೆಳಿಗ್ಗೆ ಆರಕ್ಕೆ ಕೋಟೆ ಬಾಗಿಲ ಮುಂದೆ ಸೈಕಲ್ ತಪಾಸಣೆ. ಹೊಸದೇ ಬೇಕಂತ ಇಲ್ಲ, ಅಪ್ಪನ ಹಳೆ ಸೈಕಲ್ಲೂ ನಡೆಯುತ್ತದೆ. ಬ್ರೇಕ್ ಹಿಡಿಯದಿದ್ದರೆ ಮಾತ್ರ ವಾಪಸ್ ಕಳಿಸುತ್ತೇವೆ. ಏಳಕ್ಕೆ ಮುಗಿಸುತ್ತೇವೆ, ತಡ ಮಾಡಬೇಡಿ.

ನಿಮ್ಮ,
ಸೈಕಲ್ ಸಂಘದವರು, ಬೀದರ್