ನಡೆದದ್ದನ್ನೇ ಬರಿ: ಪಿಎಸ್‌ಐ ಆಗಿ ಬರುತ್ತಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

"ಇಲಾಖೆಗೆ ಹೋದಮೇಲೂ ಮನುಷ್ಯ ಕೆಡದೆ ಉಳಿಯೋಕಾಗುತ್ತೇನೋ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೆ ಎರಡು ಮಾತಿನಲ್ಲಿ ಉತ್ತರ ಕೊಟ್ಟು ಮುಗಿಸೋಕೆ ಮನಸ್ಸಾಗಲಿಲ್ಲ. ಹಾಗಾಗಿ ಕೂತು ಬರೆಯುತ್ತಿದ್ದೇನೆ. ಮೈಸೂರಿನ ಅಕಾಡೆಮಿಯಲ್ಲಿ ನಿನ್ನ ಜೊತೆ ತರಬೇತಿ ಮುಗಿಸುತ್ತಿರುವ ಬೇರೆಯವರ ಮನಸ್ಸಿನಲ್ಲೂ ಇದೇ ಪ್ರಶ್ನೆ ಇದ್ದೀತು ಅಂತ, ನಿನ್ನನ್ನು ಕೇಳಿಯೇ ಎಲ್ಲರೂ ಓದುವ ಹಾಗೆ ಇಲ್ಲಿ ಹಾಕಿದ್ದೇನೆ.

ಉಳಿಯೋಕಾಗುತ್ತೆ ಕಣೋ. ಹಾಗೆ ಉಳಿದವರನ್ನು ವಕೀಲನಾದ ನಾನು ಕೋರ್ಟಿನಲ್ಲಿ ಕಣ್ಣಾರೆ ನೋಡುತ್ತಿರುತ್ತೇನೆ. ಸಾಕ್ಷಿ ಕಟಕಟೆ ಹತ್ತಿದ ಐದು ನಿಮಿಷಕ್ಕೆ ಅವರು ಯಾರು ಅಂತ ಗೊತ್ತಾಗಿಬಿಡುತ್ತೆ. ಪಾಟೀಸವಾಲಿನಲ್ಲಿ ನಾವೆಷ್ಟೇ ತಿರುಗಿಸಿ ಮುರುಗಿಸಿ ಕೇಳಿದರೂ ಅವರ ಮಾತು ಬದಲಾಗುವುದಿಲ್ಲ. ಕಟ್ಟಿದ ಕಥೆ ಇದ್ದರೆ ತಾನೆ ಮರೆತುಹೋಗುವ ಭಯ?

ನೀನು ಈ ಖಾಕಿಗಾಗಿ ಎಷ್ಟು ಕಾದೆ ಅನ್ನುವುದು ನನಗೆ ಗೊತ್ತು. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ಬರೆದೆ. ಓಎಂಆರ್ ಹಾಳೆ ತಿದ್ದಿದ್ದು, ಬ್ಲೂಟೂತ್ ಇಟ್ಟುಕೊಂಡು ಬರೆದದ್ದು ಹೊರಗೆ ಬಂದು, ಸಿಐಡಿ ತನಿಖೆ ಶುರುವಾಗಿ, 2022ರ ಏಪ್ರಿಲ್‌ನಲ್ಲಿ ಸರ್ಕಾರ ಆ ಪರೀಕ್ಷೆಯನ್ನೇ ರದ್ದು ಮಾಡಿತು. ನೇಮಕಾತಿ ವಿಭಾಗ ನೋಡಿಕೊಳ್ಳುತ್ತಿದ್ದ ಎಡಿಜಿಪಿಯವರೇ ಆ ವರ್ಷ ಬಂಧನಕ್ಕೊಳಗಾದರು. ಹೈಕೋರ್ಟಿನ ವ್ಯಾಜ್ಯ ಮುಗಿದು ಮರುಪರೀಕ್ಷೆ ನಡೆಯುವಷ್ಟರಲ್ಲಿ 2024ರ ಜನವರಿ 23. ಯಾರೋ ಮಾಡಿದ ಕಳ್ಳತನಕ್ಕೆ ನೆಟ್ಟಗೆ ಓದಿದವರು ತಮ್ಮ ವಯಸ್ಸಿನ ಎರಡು ವರ್ಷ ದಂಡ ಕಟ್ಟಿದಿರಿ. ಆ ಸಂಕಟದ ನಡುವೆಯೂ ನಿನಗೊಂದು ದೊಡ್ಡ ಆಸ್ತಿ ಉಳಿಯಿತು: ನೀನು ಯಾರಿಗೂ ಒಂದು ಪೈಸೆ ಕೊಡದೆ ಬಂದವನು. ಹಾಕಿದ ದುಡ್ಡು ವಾಪಸ್ ತೆಗೆಯಬೇಕು ಅನ್ನುವ ದರ್ದು ನಿನಗಿಲ್ಲ. ದಯವಿಟ್ಟು ಆ ದರ್ದನ್ನು ಹೊಸದಾಗಿ ತಂದುಕೊಳ್ಳಬೇಡ. ಎಸ್‌ಐ ಸಾಹೇಬರ ಮದುವೆ ಅಂತ ಕಲ್ಯಾಣ ಮಂಟಪಕ್ಕೆ, ಕಾರಿಗೆ, ಸೈಟಿಗೆ ಸಾಲ ಮಾಡಿದವರು ಮೂರನೇ ವರ್ಷಕ್ಕೆ ಯಾವ ದಾರಿ ಹಿಡಿದರು ಅನ್ನುವುದನ್ನು ಈ ತಾಲ್ಲೂಕಿನಲ್ಲಿ ಎಲ್ಲರೂ ನೋಡಿದ್ದಾರೆ.

ಆದರೆ ನಿನ್ನ ವಿಷಯದಲ್ಲಿ ನನ್ನ ದಿಗಿಲು ಲಂಚದ್ದಲ್ಲ. ಲಂಚ ಬಂದಾಗ ಅದು ಲಂಚ ಅಂತ ನಿನಗೆ ಗೊತ್ತಾಗುತ್ತೆ, ಬೇಡ ಅನ್ನುತ್ತೀಯ. ನನ್ನ ದಿಗಿಲು ಠಾಣೆಯ ಕಾಗದದ್ದು. ಅಲ್ಲಿ ಸುಳ್ಳು ಬರೆಯುವುದು ಯಾರಿಗೂ ಸುಳ್ಳು ಅಂತ ಅನ್ನಿಸುವುದೇ ಇಲ್ಲ.

ಒಂದು ಕೇಸು ಹೇಳುತ್ತೇನೆ, ಊರು ಹೆಸರು ಬೇಡ. ಸಂತೆ ಮುಗಿಸಿ ನಡೆದು ಹೋಗುತ್ತಿದ್ದ ವಯಸ್ಸಾದ ಹೆಂಗಸೊಬ್ಬರ ಕೊರಳಿಂದ ಬೈಕಿನಲ್ಲಿ ಬಂದವರು ಸರ ಕಿತ್ತುಕೊಂಡು ಹೋದರು. ಮಗಳ ಮದುವೆಗೂ ಅಡವಿಡದೆ ಉಳಿಸಿಕೊಂಡಿದ್ದ ಎರಡೆಳೆ ಸರ. ಪೊಲೀಸರು ಒಬ್ಬನನ್ನು ಹಿಡಿದರು. ಅವನ ಸ್ವಇಚ್ಛಾ ಹೇಳಿಕೆ ಪಡೆದು, ಅವನೇ ತೋರಿಸಿದ ಅಂಗಡಿಯಲ್ಲಿ ಕರಗಿಸಿದ ಚಿನ್ನದ ಗಟ್ಟಿ ಜಪ್ತಿ ಮಾಡಿದೆವು ಅಂತ ಚಾರ್ಜ್‌ಶೀಟ್ ಹಾಕಿದರು. ಆರೋಪಿ ಪರ ನಾನು. ಜಪ್ತಿ ಮಹಜರಿನಲ್ಲಿ, ಅಂದರೆ ಸಾಕ್ಷಿಗಳ ಎದುರು ಸ್ಥಳದಲ್ಲೇ ಬರೆಯಬೇಕಾದ ಜಪ್ತಿಯ ದಾಖಲೆಯಲ್ಲಿ, ಸಂಜೆ 4ರಿಂದ 5.30ರವರೆಗೆ ಆ ಅಂಗಡಿಯಲ್ಲಿ ಕೂತು ಬರೆದದ್ದು ಅಂತ ಇತ್ತು. ಠಾಣಾ ದಿನಚರಿ ತರಿಸಿ ನೋಡಿದರೆ, ಅದೇ ದಿನ ಅದೇ ಹೊತ್ತಿನಲ್ಲಿ ತನಿಖಾಧಿಕಾರಿ ಬೇರೆ ಹೋಬಳಿಯ ರಥೋತ್ಸವದ ಬಂದೋಬಸ್ತಿನಲ್ಲಿದ್ದಾರೆ! ಮಹಜರಿಗೆ ಸಾಕ್ಷಿಗಳಾಗಿ ಸಹಿ ಹಾಕಿದ ಇಬ್ಬರು ಪಂಚರಲ್ಲಿ ಒಬ್ಬ ಠಾಣೆ ಎದುರಿನ ಜೆರಾಕ್ಸ್ ಅಂಗಡಿಯವನು. "ಕರೆದರು, ಸಹಿ ಹಾಕಿದೆ. ಚಿನ್ನ ನಾನು ನೋಡಿಲ್ಲ" ಅಂದುಬಿಟ್ಟ. ಅಲ್ಲಿಗೆ ಕೇಸು ಬಿತ್ತು.

ಆ ಅಧಿಕಾರಿ ಯಾರ ಕೈಯಿಂದಲೂ ಒಂದು ರೂಪಾಯಿ ತೆಗೆದುಕೊಂಡವರಲ್ಲ. ನಡೆದದ್ದೇನು ಅಂತ ಆಮೇಲೆ ಅವರೇ ಹೇಳಿಕೊಂಡರು. ಜಾತ್ರೆಯ ಕೆಲಸದಲ್ಲಿ ನಿದ್ದೆ ಇರಲಿಲ್ಲ, ಸರಗಳ್ಳತನ ಪತ್ತೆ ಮಾಡಿ ಅಂತ ಮೇಲಿನಿಂದ ದಿನಾ ಫೋನು. ಇಬ್ಬರು ಪೇದೆಗಳು ಹೋಗಿ ಚಿನ್ನ ತಂದರು, ಠಾಣೆಯ ಬರವಣಿಗೆ ನೋಡುವ ರೈಟರ್ ಹಳೆಯದೊಂದು ಮಹಜರನ್ನು ಮುಂದಿಟ್ಟುಕೊಂಡು ಹೊಸದನ್ನು ಬರೆದರು, ಇವರು ರಾತ್ರಿ ಬಂದು ಸಹಿ ಮಾಡಿದರು. ಎಲ್ಲ ಠಾಣೆಯಲ್ಲೂ ನಡೆಯುವುದೇ ಅಲ್ಲವೇ ಅನ್ನುವುದು ಅವರ ಮಾತು. ತೀರ್ಪಿನ ದಿನ ಆ ಹೆಂಗಸು ಕೋರ್ಟಿಗೆ ಬಂದಿದ್ದರು. ಹೊರಗೆ ನನ್ನನ್ನೇ ನಿಲ್ಲಿಸಿ, "ಇವನಲ್ಲ ಅಂದ್ಮೇಲೆ ನನ್ ಸರ ಕಿತ್ತೋನ್ಯಾರಪ್ಪ?" ಅಂತ ಕೇಳಿದರು. ಅವನೇ ಕಿತ್ತಿದ್ದನೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಮಹಜರು ಆ ಅಂಗಡಿಯಲ್ಲೇ, ಅಲ್ಲಿನ ನಾಲ್ಕು ಜನರ ಎದುರಿಗೇ ನಡೆದಿದ್ದರೆ ಆಕೆಗೂ ನನಗೂ ಗೊತ್ತಾಗುತ್ತಿತ್ತು.

ಅದಕ್ಕೇ ಹೇಳುತ್ತಿರುವುದು, ನಡೆದದ್ದನ್ನೇ ಬರಿ. ನಡೆದ ಜಾಗದಲ್ಲೇ ಬರಿ, ನಡೆದ ಹೊತ್ತನ್ನೇ ಹಾಕು. ನೀನು ಹೋಗಲಾಗದಿದ್ದರೆ ಹೋಗಲಾಗಲಿಲ್ಲ ಅಂತಲೇ ಇರಲಿ. ಮಹಜರಿಗೆ ಆ ಬೀದಿಯವರನ್ನೇ ಪಂಚರಾಗಿ ಕರಿ. ಬರುವುದಿಲ್ಲ ಅಂದರೆ ಅದನ್ನೂ ಬರಿ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧನೆ, ಜಪ್ತಿ ಎಲ್ಲವನ್ನೂ ವಿಡಿಯೋ ಮಾಡಬೇಕು ಅನ್ನುತ್ತೆ. ಹಳಬರಲ್ಲಿ ಕೆಲವರು ಇದರಿಂದ ಕಿರಿಕಿರಿ ಅನ್ನುವುದನ್ನು ಕೇಳಿದ್ದೇನೆ. ನಿನ್ನಂಥವನ ಬೆನ್ನಿಗೆ ನಿಲ್ಲುವ ಕಲಂ ಅದು.

ಇನ್ನು ದೂರು ತೆಗೆದುಕೊಳ್ಳುವ ವಿಷಯ. ಠಾಣೆಯಲ್ಲಿ ಕೇಸಿನ ಸಂಖ್ಯೆ ಏರಿದರೆ ಕ್ರೈಂ ಮೀಟಿಂಗಿನಲ್ಲಿ ಬೈಸಿಕೊಳ್ಳಬೇಕಾಗುತ್ತೆ ಅಂತ ಬಂದ ದೂರನ್ನು ಎನ್‌ಸಿ (ಎಫ್‌ಐಆರ್ ಬೇಡದ ಸಣ್ಣ ಪ್ರಕರಣ) ಮಾಡುವುದು, ಅರ್ಜಿ ಅಂತ ಇಟ್ಟುಕೊಂಡು ಹಿಂಬರಹ ಕೊಟ್ಟು ಸಾಗಹಾಕುವುದು, ಎದುರು ಪಾರ್ಟಿಯಿಂದ ಒಂದು ಕೌಂಟರ್ ದೂರು ಬರೆಸಿಕೊಂಡು ಇಬ್ಬರನ್ನೂ ರಾಜಿಗೆ ಕೂರಿಸುವುದು, ಇವೆಲ್ಲ ನೀನು ಹೋದ ಮೊದಲ ವಾರವೇ ಕಾಣುತ್ತೀಯ. ಉತ್ತರ ಪ್ರದೇಶದಲ್ಲಿ ಮಗಳು ಕಾಣೆಯಾದಳು ಅಂತ ತಂದೆಯೊಬ್ಬರು ಠಾಣೆಗೆ ಅಲೆದರೂ ಪೊಲೀಸರು ನೆಟ್ಟಗೆ ಕೇಸು ದಾಖಲಿಸಿ ಹುಡುಕದೇ ಹೋದದ್ದರಿಂದ ಹುಟ್ಟಿದ್ದೇ ಲಲಿತಾ ಕುಮಾರಿ ಪ್ರಕರಣ. 2013ರ ನವೆಂಬರ್ 12ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಹೇಳಿತು. ಅದಾಗಿ ಇಷ್ಟು ವರ್ಷ ಕಳೆದಮೇಲೂ ನನ್ನ ಆಫೀಸಿಗೆ ಬರುವ ಬಡವರಲ್ಲಿ ಬಹಳಷ್ಟು ಜನ ಕೇಳುವುದು "ಕಂಪ್ಲೇಂಟ್ ತಗೋತಿಲ್ಲ, ಏನ್ ಮಾಡೋದು ಸಾರ್" ಅಂತಲೇ. ದಲಿತರ ದೂರಿನ ವಿಷಯದಲ್ಲಂತೂ ಎಚ್ಚರವಿರಲಿ. ಬಾಯಿಮಾತಿನಲ್ಲಿ ಹೇಳಿದ ದೂರನ್ನು ಬರೆದು, ಓದಿ ಹೇಳಿ, ಆಮೇಲೆ ಸಹಿ ಪಡೆಯಬೇಕು ಅಂತ 1989ರ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಂನಲ್ಲೇ ಇದೆ. ಬೇಕೆಂದೇ ಕರ್ತವ್ಯ ಬಿಟ್ಟ ಅಧಿಕಾರಿಗೂ ಅಲ್ಲಿ ಶಿಕ್ಷೆಯಿದೆ.

ಓದಿ ಹೇಳುವುದು ಅಂದೆನಲ್ಲ, ಅದನ್ನು ಮನಸ್ಸಿಟ್ಟು ಮಾಡುವ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್ ನಮ್ಮ ಕಡೆ ಇದ್ದಾರೆ. ಒಮ್ಮೆ ನಾನು ಬೇರೆ ಕೆಲಸಕ್ಕೆ ಠಾಣೆಗೆ ಹೋದಾಗ, ಹೊಲದ ಬದುವಿನ ಜಗಳದಲ್ಲಿ ಏಟು ತಿಂದು ಬಂದ ಹೆಂಗಸಿನ ಹೇಳಿಕೆಯನ್ನು ಸಾಲಿನಡಿ ಬೆರಳಿಟ್ಟು ನಿಧಾನಕ್ಕೆ ಓದುತ್ತಿದ್ದರು. "ಕೊಡಲಿಯಿಂದ ಹೊಡೆದು" ಅಂತ ಬಂದ ಕೂಡಲೇ ಆಕೆ, "ಕೊಡ್ಲೀಲಲ್ಲವ್ವ, ಕೊಡ್ಲಿ ಕಾವಲ್ಲಿ" ಅಂದಳು. ಇವರು ಹಾಳೆ ಪಕ್ಕಕ್ಕಿಟ್ಟು ಹೊಸದಾಗಿ ಬರೆದರು. ಆ ಒಂದು ಮಾತಿನ ಮೇಲೆ ಕಲಂ ಬದಲಾಗುತ್ತೆ, ಎದುರಿನವನಿಗೆ ಜಾಮೀನು ಸಿಗುವುದು ಬಿಡುವುದು ನಿರ್ಧಾರವಾಗುತ್ತೆ. ಹೊಡೆದವನಿಗೂ ಅನ್ಯಾಯ ಆಗಲಿಲ್ಲ, ನಾಳೆ ಕೋರ್ಟಿನಲ್ಲಿ ಹೊಡೆಸಿಕೊಂಡವಳ ಮಾತೂ ಬೀಳುವುದಿಲ್ಲ. ಕೊನೆಗೆ ಎಫ್‌ಐಆರ್ ಪ್ರತಿಯನ್ನು ಮಡಚಿ ಕೈಗಿಟ್ಟು, "ಇದಕ್ಕೆ ದುಡ್ಡಿಲ್ಲ, ಯಾರು ಕೇಳಿದ್ರೂ ಕೊಡಬೇಡ" ಅಂದರು. ನೀನು ಸ್ಟೇಷನ್ನಿಗೆ ಹೋದಾಗ ಇಂಥವರು ಒಬ್ಬರಾದರೂ ಇರುತ್ತಾರೆ. ಅವರ ರ‍್ಯಾಂಕ್ ನೋಡಬೇಡ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಕಲಿ.

ಬಂಧನದ ಹೊತ್ತಿನ ಬಗ್ಗೆಯೂ ಹೇಳಲೇಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಅನ್ನುವುದು ಸಂವಿಧಾನದ 22ನೇ ವಿಧಿ. ಆದರೆ ಮೊನ್ನೆ ಬೆಳಗ್ಗೆ ಮನೆಯಿಂದ ಕರೆತಂದವನನ್ನು ನಿನ್ನೆ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಅನುಮಾನಾಸ್ಪದವಾಗಿ ಓಡಾಡುತ್ತಿದ್ದಾಗ ಹಿಡಿದೆವು ಅಂತ ಬರೆಯುವುದು ಎಷ್ಟು ಮಾಮೂಲಿ ಆಗಿದೆ ಅಂದರೆ, ಬರೆಯುವವರ ಕೈ ನಡುಗುವುದೂ ಇಲ್ಲ. ಆ ಲೆಕ್ಕಕ್ಕೆ ಸಿಗದ ಎರಡು ಹಗಲು ಒಂದು ರಾತ್ರಿಯಲ್ಲೇ ಕೆಟ್ಟದ್ದೆಲ್ಲ ನಡೆಯುವುದು. 1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು ಅವರು ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನಿಟ್ಟು ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದಿದ್ದರು. ಆ ಪತ್ರವೇ ರಿಟ್ ಅರ್ಜಿಯಾಗಿ, 1996ರ ಡಿಸೆಂಬರ್‌ನಲ್ಲಿ ತೀರ್ಪಾಯಿತು. ಬಂಧನದ ಮೆಮೋ, ಅದಕ್ಕೆ ಸಾಕ್ಷಿಯ ಸಹಿ, ಮನೆಯವರಿಗೆ ತಿಳಿಸುವುದು, ವಶದಲ್ಲಿರುವಾಗ 48 ಗಂಟೆಗೊಮ್ಮೆ ವೈದ್ಯರ ತಪಾಸಣೆ, ಬಂಧಿಸುವ ಪೊಲೀಸರ ಮೈಮೇಲೆ ಓದಲು ಬರುವಂಥ ಹೆಸರಿನ ಪಟ್ಟಿ, ಎಲ್ಲ ಅದರಿಂದ ಬಂದದ್ದು. ಹೊಡೆದು ಬಾಯಿಬಿಡಿಸಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಅಂತ 1872ರಿಂದ ಕಾನೂನಿದೆ. ಸಾಕ್ಷ್ಯದ ಹೊಸ ಕಾನೂನಿನಲ್ಲೂ ಅದು ಹಾಗೇ ಇದೆ. "ಎರಡು ಬಿಟ್ಟರೆ ತಾನಾಗೇ ಹೇಳ್ತಾನೆ ಸಾರ್" ಅನ್ನುವವರು ನಿನ್ನ ಸುತ್ತ ಇರುತ್ತಾರೆ. ಕಳುವಾದ ಮನೆಯವರೂ ಅದನ್ನೇ ಕೇಳುತ್ತಾರೆ, ಊರಿನವರು ಅದಕ್ಕೇ ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆ ಕೇಳಬೇಡ ಮಾರಾಯ. ಒಮ್ಮೆ ಕೈ ಎತ್ತಿದವನಿಗೆ ಎರಡನೇ ಸಲ ಯೋಚನೆಯೇ ಬರುವುದಿಲ್ಲ. ಆಮೇಲೆ ಅದು ಠಾಣೆಯಲ್ಲೇ ಬಿಟ್ಟು ಬರುವ ಅಭ್ಯಾಸವಾಗಿ ಉಳಿಯದೆ ಮನೆಗೂ ಬರುತ್ತೆ.

ದುಡ್ಡಿನ ವಿಷಯ ಪೂರ್ತಿ ಬಿಟ್ಟರೆ ತಪ್ಪಾದೀತು. ಮಾಮೂಲು ಅನ್ನುವುದು ಎಷ್ಟೋ ಸಲ ಸ್ವಂತದ ಆಸೆಯಿಂದಲೂ ಶುರುವಾಗುವುದಿಲ್ಲ. ಠಾಣೆಯ ಖರ್ಚಿನಿಂದ ಶುರುವಾಗುತ್ತೆ. ಪೇಪರು, ಟೋನರು, ಜೆರಾಕ್ಸು, ಆರೋಪಿಯನ್ನು ದೂರದ ಕೋರ್ಟಿಗೆ ಕರೆದೊಯ್ಯುವ ಊಟ ತಿಂಡಿ, ಯುಡಿಆರ್ (ಅಸಹಜ ಸಾವಿನ) ಕೇಸಿನಲ್ಲಿ ವಾರಸುದಾರರಿಲ್ಲದ ಹೆಣ ಸಾಗಿಸಲು ಗಾಡಿ. ಬರುವ ಹಣ ಸಾಲುವುದಿಲ್ಲ, ಬಿಲ್ ಪಾಸಾಗುವುದು ಯಾವಾಗಲೋ. ಆಗ ಯಾರೋ ಬಾರಿನವರು, ಮರಳಿನವರು "ನಾವಿದ್ದೀವಲ್ಲ ಸಾರ್" ಅನ್ನುತ್ತಾರೆ. ಅವರ ಗಾಡಿಯಲ್ಲಿ ಹೆಣ ಸಾಗಿಸಿದ ಮೇಲೆ ಅವರ ಲಾರಿಯನ್ನು ನೀನು ಹೇಗೆ ತಡೆಯುತ್ತೀಯ? ಆದ್ದರಿಂದ ಬಿಲ್ ಹಾಕು, ಪಾಸಾಗದಿದ್ದರೆ ಜ್ಞಾಪನ ಬರಿ, ಮತ್ತೆ ಬರಿ. ಮೇಲಿನವರಿಗೆ ಬೇಸರವಾದರೂ ಪರವಾಗಿಲ್ಲ. ಹೋಟೆಲಿನಿಂದ ಬರುವ ಟೀಗೆ ಮೊದಲ ದಿನದಿಂದಲೇ ಎಲ್ಲರ ಎದುರು ನೀನೇ ದುಡ್ಡು ಕೊಡು. ನೀನು ಬಾಯಲ್ಲಿ ಏನು ಹೇಳುತ್ತೀಯ ಅನ್ನುವುದಕ್ಕಿಂತ ಆ ಟೀ ಹುಡುಗನ ಕೈಗೆ ಏನು ಕೊಡುತ್ತೀಯ ಅನ್ನುವುದನ್ನು ಸಿಬ್ಬಂದಿ ಗಮನಿಸುತ್ತಾರೆ.

ವರ್ಗಾವಣೆಯ ಹೆದರಿಕೆ ನಿಜವಾದದ್ದು, ಅದನ್ನು ಸಣ್ಣದು ಮಾಡಿ ಹೇಳಲಾರೆ. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಇರಲು ಬಿಡಿ ಅಂತ 2006ರಲ್ಲೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಿದ್ದೂ ಶಾಸಕರ ಕಡೆಯವರನ್ನು ಮುಟ್ಟಿದ ವಾರಕ್ಕೇ ಗಂಟುಮೂಟೆ ಕಟ್ಟಿದವರನ್ನು ನಾವಿಬ್ಬರೂ ನೋಡಿದ್ದೇವೆ. ಫೋನು ಬಂದಾಗ ಜಗಳಕ್ಕೆ ಹೋಗಬೇಡ, "ಆಯ್ತು ಸಾರ್, ಲಿಖಿತವಾಗಿ ಕೊಟ್ಟರೆ ಫೈಲಿಗೆ ಹಾಕ್ತೀನಿ" ಅನ್ನು. ಹೆಚ್ಚಿನವರು ಅಲ್ಲಿಗೇ ಇಟ್ಟುಬಿಡುತ್ತಾರೆ. ಇಡದವರ ವಿಷಯದಲ್ಲಿ ವರ್ಗ ಆದರೆ ಆಗಲಿ ಅನ್ನುವಷ್ಟು ಹಗುರವಾಗಿ ಸಂಸಾರ ಕಟ್ಟಿಕೋ. ಮನೆಯಲ್ಲಿ ಇದನ್ನೆಲ್ಲ ಮುಚ್ಚಿಡಬೇಡ. ಮದುವೆಯಾಗುವ ಹುಡುಗಿಗೆ ಮೊದಲೇ ಹೇಳು. ಗಂಡ ಯಾಕೆ ಮತ್ತೆ ಮತ್ತೆ ಎತ್ತಂಗಡಿ ಆಗುತ್ತಾನೆ ಅಂತ ಗೊತ್ತಿರುವ ಹೆಂಡತಿ ಪಕ್ಕದಲ್ಲಿದ್ದರೆ ನಿನಗೆ ಅರ್ಧ ಭಾರ ಕಡಿಮೆ. ಖಾಕಿ ಹಾಕದ ಗೆಳೆಯರನ್ನು ಉಳಿಸಿಕೋ. ಠಾಣೆಯಲ್ಲಿ ಎಲ್ಲರೂ ಸಾರ್ ಸಾರ್ ಅನ್ನುವಾಗ, ನೀನು ಮಾಡಿದ್ದು ಸರಿಯಿಲ್ಲ ಕಣೋ ಅಂತ ಮುಖಕ್ಕೆ ಹೇಳುವವರು ನಿನಗೆ ಬೇಕಾಗುತ್ತಾರೆ.

ಒಂದು ವಿಷಯ ನನ್ನ ಕಡೆಯಿಂದಲೂ ಸ್ಪಷ್ಟವಾಗಲಿ. ನೀನು ಯಾವ ಠಾಣೆಗೆ ಬರುತ್ತೀಯೋ ಆ ಠಾಣೆಯ ಯಾವ ಕೇಸಿಗೂ ನಾನು ವಕಾಲತ್ತು ಹಾಕುವುದಿಲ್ಲ. ನನ್ನ ಜೂನಿಯರುಗಳಿಗೂ ಹೇಳಿಟ್ಟಿದ್ದೇನೆ. ಯಾರ ಪರವಾಗಿಯೂ ನಿನಗೆ ಫೋನ್ ಮಾಡುವುದಿಲ್ಲ. ವಕೀಲರು ಕಳಿಸಿದ್ದಾರೆ ಅಂತ ನನ್ನ ಹೆಸರು ಹೇಳಿಕೊಂಡು ಯಾರಾದರೂ ಬಂದರೆ ಕೂರಿಸಿ ನೀರು ಕೊಡು, ದೂರಿದ್ದರೆ ಬರೆಸಿಕೋ, ಬೇರೆಯವರಿಗೆ ಮಾಡುವಷ್ಟನ್ನೇ ಮಾಡು. ನಮ್ಮ ಮನೆಯವರೇ ಆದರೂ ಅಷ್ಟೇ.

ಪೋಸ್ಟಿಂಗ್ ಆರ್ಡರ್ ಕೈಗೆ ಬಂದ ಕೂಡಲೇ ತಿಳಿಸು. ಅಪ್ಪಾಜಿಗೂ ಅಮ್ಮನಿಗೂ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ
ಗೆಳೆಯ