ಹನ್ನೊಂದು ನಿಮಿಷ

ಪುಟ್ಟಿ,

ಬೆಂಗಳೂರು ತಲುಪಿದೆ ಅಂತ ಒಂದೇ ಸಾಲು ಮೆಸೇಜ್ ಹಾಕಿದ್ದೀಯ. ನಿನ್ನ ಮನಸ್ಸು ಹೇಗಿದೆ ಅಂತ ಅಷ್ಟರಲ್ಲೇ ಗೊತ್ತಾಯ್ತು. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ತಡೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು, ಕಥೆಯಿಂದ ಎಡಿಟಿಂಗ್‌ವರೆಗೆ ಎಲ್ಲ ನಲವತ್ತೆಂಟು ಗಂಟೆಯಲ್ಲಿ ಮುಗಿಸಬೇಕಾದ ಆ ಸ್ಪರ್ಧೆಗೆ ನೀವೆಲ್ಲ ಸೇರಿ ನಮ್ಮ ಮನೆಯಲ್ಲಿ ತೆಗೆದ ಸಿನಿಮಾ ವಿಷಯ. ಮೂರು ಸಲ ನೋಡಿದೆ. ಮಾವ ಛತ್ರಿ ಮಡಚಿ ಬಾಗಿಲ ಹಿಂದೆ ನೇತುಹಾಕಿ, ಕೈ ತೆಗೆಯದೆ ಹಾಗೇ ನಿಲ್ಲುತ್ತಾನಲ್ಲ, ಅಲ್ಲಿ ಕಣ್ಣು ತುಂಬಿತು. "ಮಾವನಿಗೆ ಆಕ್ಟಿಂಗ್ ಬರಲ್ಲ" ಅಂತ ಶನಿವಾರವೆಲ್ಲ ನೀನು ಗೊಣಗುತ್ತಿದ್ದೆ. ಪಕ್ಕದ ಮಂಡ್ಯದ ನೊದೆಕೊಪ್ಪಲಿನ, ಆಕ್ಟಿಂಗ್ ಗೊತ್ತಿಲ್ಲದ ಜನರನ್ನೇ ಹಾಕಿಕೊಂಡು ತೆಗೆದ 'ತಿಥಿ' 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ತಂದಿತು. ನನ್ನನ್ನು ಕರೆದುಕೊಂಡು ಹೋಗಿ ಆ ಸಿನಿಮಾ ತೋರಿಸಿದವಳು ನೀನೇ ಅಲ್ವಾ?

ಇನ್ನು ಆ ಹನ್ನೊಂದು ನಿಮಿಷ. ಭಾನುವಾರ ಸಂಜೆ ಏಳು ಗಂಟೆಗೆ ಚಿತ್ರ ಕಳಿಸಬೇಕಿತ್ತು, ಏಳು ಹನ್ನೊಂದಕ್ಕೆ ಹೋಯಿತು. ಚಿತ್ರ ತೋರಿಸುತ್ತಾರೆ, ಬಹುಮಾನಕ್ಕೆ ಮಾತ್ರ ಲೆಕ್ಕಕ್ಕಿಲ್ಲ. ಅಷ್ಟು ಹೊತ್ತಿಗೆ ನೀನು ಎಲ್ಲರ ಮುಂದೆ ಎಡಿಟಿಂಗ್ ಮಾಡಿದ ಆ ಹುಡುಗನಿಗೆ "ನಿನ್ನಿಂದಲೇ ಹಾಳಾಯ್ತು" ಅಂದುಬಿಟ್ಟೆ. ಅವನು ಒಂದು ಮಾತೂ ಆಡಲಿಲ್ಲ. ವೈರು ಸುತ್ತಿದ, ಬ್ಯಾಗ್ ಹಾಕಿಕೊಂಡ, ಹೊರಟ. ಬಿಸಿಬೇಳೆಬಾತ್ ಮಾಡಿಟ್ಟಿದ್ದೆ, ಮುಟ್ಟಲಿಲ್ಲ.

ನಾನು ಎರಡು ದಿನ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದವಳು. ಗಡಿಯಾರ ನೋಡುತ್ತಲೇ ಇದ್ದೆ. ಶುಕ್ರವಾರ ಸಂಜೆ ಏಳಕ್ಕೆ ಯಾವ ಬಗೆಯ ಕಥೆ ಮಾಡಬೇಕು ಅನ್ನೋ ಚೀಟಿ ನಿಮಗೆ ಸಿಕ್ಕಿತು. ಒಂದು ಗಂಟೆಯೊಳಗೆ ಕಥೆ ಸಿಕ್ಕಿತ್ತು, ನಾನೇ ಕೇಳಿಸಿಕೊಂಡೆ. ಆಮೇಲೆ ಬೆಳಗಿನ ಜಾವ ಮೂರರವರೆಗೆ ಅದನ್ನು ಬಿಟ್ಟು ಇನ್ನೊಂದು, ಇನ್ನೊಂದು ಬಿಟ್ಟು ಮತ್ತೊಂದು. ಕೊನೆಗೆ ಉಳಿದದ್ದು ಮೊದಲಿನದೇ. ಶನಿವಾರ ಏಳಕ್ಕೆ ಅಂದಿದ್ದ ಶೂಟಿಂಗ್ ಶುರುವಾಗಿದ್ದು ಹನ್ನೊಂದಕ್ಕೆ. ಅಷ್ಟರಲ್ಲಿ ಕಿಟಕಿಯ ಎಳೆಬಿಸಿಲು ಹೋಗಿತ್ತು, ಅದಕ್ಕೆ ಆ ಎರಡು ಶಾಟ್ ಮತ್ತೆ ಭಾನುವಾರ ಬೆಳಗ್ಗೆ ತೆಗೆದಿರಿ. ಎಲ್ಲ ಮುಗಿದು ಎಡಿಟಿಂಗಿಗೆ ಕಾರ್ಡು ಅವನ ಕೈಗೆ ಬಂದಾಗ ಹನ್ನೊಂದೂವರೆ. ನಲವತ್ತೆಂಟು ಗಂಟೆಯಲ್ಲಿ ಅವನಿಗೆ ಉಳಿದದ್ದು ಏಳೂವರೆ ಗಂಟೆ.

ಸೌಂಡೂ ಅವನೇ, ಎಡಿಟಿಂಗೂ ಅವನೇ. ಕ್ಯಾಮೆರಾದ ಶಬ್ದ ಬೇರೆ, ರೆಕಾರ್ಡರಿನ ಶಬ್ದ ಬೇರೆ, ಶಾಟ್ ಶುರುವಿನಲ್ಲಿ ತಟ್ಟುವ ಚಪ್ಪಾಳೆ ಸದ್ದು ನೋಡಿಕೊಂಡು ಎರಡನ್ನೂ ಕೂಡಿಸಬೇಕು ಅಂತ ನನಗೆ ತೋರಿಸಿದ. ಅವಸರದಲ್ಲಿ ಎಷ್ಟೋ ಶಾಟಿಗೆ ನೀವು ಚಪ್ಪಾಳೆಯನ್ನೇ ತಟ್ಟಿರಲಿಲ್ಲ. ಅವನ್ನೆಲ್ಲ ತುಟಿ ನೋಡಿ ನೋಡಿ ಹೊಂದಿಸಿದ. ಎಡಿಟ್ ಆದ ಆರು ನಿಮಿಷದ ಚಿತ್ರವನ್ನು ಒಂದೇ ಫೈಲ್ ಮಾಡಿ ಹೊರಗೆ ತೆಗೆಯೋಕೆ ಅವನ ಹಳೇ ಲ್ಯಾಪ್‌ಟಾಪಿಗೆ ಐವತ್ತು ನಿಮಿಷ ಬೇಕಾಯ್ತು. ಆ ಐವತ್ತು ನಿಮಿಷ ನಿಮ್ಮ ಯಾರ ಲೆಕ್ಕದಲ್ಲೂ ಇರಲಿಲ್ಲ. ಇದ್ದಿದ್ದರೆ ಆರು ಗಂಟೆಗೆ "ಆ ಒಂದು ಶಾಟ್ ಬದಲಾಯಿಸು" ಅಂತ ನೀನು ಹೇಳುತ್ತಿದ್ದೆಯಾ?

ನಿನಗೆ ಹೇಳದ ಒಂದು ವಿಷಯ ಇದೆ. ನೀನು ಚಿಕ್ಕವಳಿದ್ದಾಗ ನನ್ನ ಟೈಲರಿಂಗ್ ಅಂಗಡಿಯಲ್ಲಿ ಫಾಲ್, ಹೆಮ್ಮಿಂಗ್, ಹುಕ್ಸ್ ಹಾಕುವ ಹುಡುಗಿಯೊಬ್ಬಳಿದ್ದಳು. ಒಂದು ವರಮಹಾಲಕ್ಷ್ಮಿ ಹಬ್ಬಕ್ಕೆ ಕೈಮೀರಿ ಬ್ಲೌಸ್ ಒಪ್ಪಿಕೊಂಡೆ. ಕಟಿಂಗ್ ಮಾಡೋಕೆ ನಾನೇ ಎರಡು ದಿನ ತಡಮಾಡಿದೆ. ಅವಳಿಗೆ ಸಿಕ್ಕಿದ್ದು ಒಂದು ರಾತ್ರಿ. ಬೆಳಗ್ಗೆ ಗಿರಾಕಿ ಬಂದು ಕೂಗಾಡಿದಾಗ, ಗಿರಾಕಿ ಮುಂದೆಯೇ ಅವಳಿಗೆ ಬೈದೆ. ಬಟ್ಟೆ ಕೊನೆಗೆ ಅವಳ ಕೈಯಲ್ಲಿತ್ತಲ್ಲ, ತಪ್ಪೂ ಅವಳದೇ ಅಂತ ಕಂಡಿತು. ಹಬ್ಬ ಕಳೆದ ಮೇಲೆ ಅವಳು ಕೆಲಸಕ್ಕೆ ಬರಲಿಲ್ಲ. ಅವಳ ಮನೆಗೆ ಹೋಗಿ ಕೇಳೋಣ ಅಂತ ಇವತ್ತು ನಾಳೆ ಅಂದುಕೊಂಡೆ. ಹೋಗಲಿಲ್ಲ. ಇವತ್ತಿಗೂ ಹೆಮ್ಮಿಂಗ್ ಹಾಕುವಾಗ ಅವಳ ನೆನಪು ಬರುತ್ತದೆ.

2001ರಲ್ಲಿ ವಾಷಿಂಗ್ಟನ್ನಿನಲ್ಲಿ ಈ 48 ಗಂಟೆಯ ಚಿತ್ರದ ಸ್ಪರ್ಧೆ ಶುರು ಮಾಡಿದವರಿಗೆ, ಇಷ್ಟು ಹೊತ್ತಿನಲ್ಲಿ ತೆಗೆದ ಚಿತ್ರ ನೋಡೋ ಹಾಗಾದರೂ ಇರುತ್ತಾ ಅನ್ನೋದೇ ಅನುಮಾನವಾಗಿತ್ತು ಅಂತ ನೀನೇ ಹೇಳಿದ್ದೆ. ನಿಮ್ಮದು ನೋಡೋ ಹಾಗಿದೆ ಪುಟ್ಟಿ. ಕ್ಯಾಮೆರಾ ಹಿಡಿದವಳು ಬ್ಯಾಂಕಿನವಳು, ಲೈಟ್ ಹಿಡಿದವನು ಇನ್ನೂ ಪಿಯುಸಿ. ಬೇರೆ ಯಾರಾದರೂ ನಿಮ್ಮನ್ನು ನಂಬಿ ಎರಡು ರಾತ್ರಿ ನಿದ್ದೆ ಬಿಡುತ್ತಿದ್ದರಾ?

ಇನ್ನೊಂದು. ಶನಿವಾರ ಫ್ರಿಜ್ಜಿನ ಗುಂಯ್ ಶಬ್ದ ಮೈಕಿಗೆ ಬೀಳುತ್ತೆ ಅಂತ ಆ ಹುಡುಗ ಸ್ವಿಚ್ ಆಫ್ ಮಾಡಿದ. ಆಮೇಲೆ ಜೇಬಿನಿಂದ ತನ್ನ ರೂಮಿನ ಕೀ ತೆಗೆದು ಒಳಗೆ ಮೊಸರಿನ ಪಾತ್ರೆ ಪಕ್ಕ ಇಟ್ಟ. ಯಾಕಪ್ಪಾ ಅಂದೆ. "ಆನ್ ಮಾಡೋದು ಮರೆತರೆ ನಿಮ್ಮ ಹಾಲು ಮೊಸರೆಲ್ಲ ಕೆಡುತ್ತೆ ಆಂಟಿ. ಕೀ ಇಲ್ಲಿದ್ದರೆ ಅದನ್ನು ತಗೊಳ್ಳೋಕೆ ಬಂದಾಗ ನೆನಪಾಗುತ್ತೆ" ಅಂದ. ಭಾನುವಾರವೂ ಹಾಗೇ ಇಟ್ಟಿದ್ದ. ಶೂಟಿಂಗ್ ಮುಗಿದ ಮೇಲೆ ಫ್ರಿಜ್ ಆನ್ ಮಾಡಿದ್ದು ನಾನು. ಕೀ ಮಾತ್ರ ಒಳಗೇ ಉಳಿದಿದೆ. ಇವತ್ತು ಬೆಳಗ್ಗೆ ಕರಿಬೇವು ತೆಗೆಯುವಾಗ ಕೈಗೆ ತಣ್ಣಗೆ ತಾಗಿತು.

ಕೇಳೋಕೆ ಅವನಿಗೆ ಮುಜುಗರ ಇರಬೇಕು. ಅವನ ನಂಬರ್ ನನ್ನ ಹತ್ತಿರ ಇಲ್ಲ. ಕೀ ನನ್ನ ಹತ್ತಿರ ಜೋಪಾನವಾಗಿದೆ ಅಂತ ಇವತ್ತೇ ಅವನಿಗೆ ಫೋನ್ ಮಾಡಿ ಹೇಳು.

ನಿನ್ನ ಅಮ್ಮ