ಗುಮ್ಮಟವಿಲ್ಲದ ಮಸೀದಿ

ಮಾನ್ಯರೇ,

ಗುಮ್ಮಟ, ಮಿನಾರು ಇದ್ದರೇನೇ ಮಸೀದಿ ಎಂದುಕೊಂಡವರು ಢಾಕಾದ ಬೈತ್ ಉರ್ ರೌಫ್ ಮಸೀದಿಯ ಫೋಟೊ ನೋಡಬೇಕು. ಅಲ್ಲಿ ಎರಡೂ ಇಲ್ಲ! ಅಜ್ಜಿ ಕೊಟ್ಟ ಜಾಗದಲ್ಲಿ ವಾಸ್ತುಶಿಲ್ಪಿ ಮರೀನಾ ತಬಸ್ಸುಮ್ 2012ರಲ್ಲಿ ಕಟ್ಟಿ ಮುಗಿಸಿದ್ದು ಇದು. ಬಂಗಾಳದ ಬಯಲಲ್ಲಿ ಕಲ್ಲು ಕಡಿಮೆ, ಮಣ್ಣು ಜಾಸ್ತಿ. ಹಾಗಾಗಿ ಸುಲ್ತಾನರ ಕಾಲದ ಮಸೀದಿಗಳಂತೆ ಇಲ್ಲೂ ಇಟ್ಟಿಗೆಯದೇ ಕಾರುಬಾರು. ನಡುನಡುವೆ ಸಂದು ಬಿಟ್ಟು ಇಟ್ಟಿಗೆ ಜೋಡಿಸಿ ಗಾಳಿಗೆ ದಾರಿ ಮಾಡಿದ್ದಾರೆ. ಛಾವಣಿಯ ಸಣ್ಣ ತೂತುಗಳಿಂದ ಬಿಸಿಲು ಚುಕ್ಕಿಚುಕ್ಕಿಯಾಗಿ ನೆಲಕ್ಕೆ ಬೀಳುತ್ತದೆ. 2016ರಲ್ಲಿ ವಾಸ್ತುಶಿಲ್ಪಕ್ಕೆ ಕೊಡುವ ಆಗಾ ಖಾನ್ ಪ್ರಶಸ್ತಿಯೂ ಬಂತು.

ನಮ್ಮ ಕರಾವಳಿಯ ಎಷ್ಟೋ ಹಳೆಯ ಮಸೀದಿಗಳಿಗೂ ಮಳೆಗೆ ತಕ್ಕ ಇಳಿಜಾರು ಮಾಡು ಇತ್ತು, ಅಲ್ವಾ? ಅಂಥದ್ದನ್ನು ಕೆಡವಿ ಕಾಂಕ್ರೀಟ್ ಗುಮ್ಮಟ ಏರಿಸುವ ಮುಂಚೆ ಕಮಿಟಿಯವರು ಒಮ್ಮೆ ಈ ಫೋಟೊಗಳನ್ನು ನೋಡಲಿ.

– ಒಬ್ಬ ಓದುಗ, ಉಡುಪಿ